ಬಾಯಿ ಮುಚ್ಚುವ ಪರೀಕ್ಷೆ

ಕ್ಷೌರಿಕ ಕೊಸಲನಿಗೆ ಬಂದ ಕಷ್ಟವೆಂದರೆ, ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕಾದದ್ದು.

ಗಲಭೆಯಲ್ಲಿ ಸುಟ್ಟು ಈಗ ಚೇತರಿಸಿಕೊಳ್ಳುತ್ತಿರುವ ದೂರದ ಟಿಮೋರ್ ದ್ವೀಪದ ಒಂದು ಊರಿಗೆ ಸ್ವಯಂಸೇವಕನಾಗಿ ಹೋಗಿ, ಆರು ತಿಂಗಳು ಕತ್ತರಿ ಹಿಡಿಯುವುದನ್ನು ಕಲಿಸಬೇಕೆಂದು ಅವನಿಗೆ ಆಸೆ. ವಿಮಾನ ಹತ್ತುವ ಆಸೆ ಅದಕ್ಕಿಂತ ತುಸು ಹೆಚ್ಚು. ಸ್ವಯಂಸೇವಕರನ್ನು ಕಳಿಸುವ ಬಟ್ಟಂಬಾಂಗ್ ಪಟ್ಟಣದ ಕಚೇರಿಯ ಮೇಡಂ ಕಡೆಯ ಪರೀಕ್ಷೆ ಕೊಟ್ಟಿದ್ದರು: ನೊಂದವರೊಬ್ಬರ ಮಾತನ್ನು ಒಂದು ಗಂಟೆ ಅಡ್ಡಬಾಯಿ ಹಾಕದೆ ಕೇಳಿ, ಹಾಳೆಯ ಮೇಲೆ ಅವರ ಹೆಬ್ಬೆಟ್ಟು ತರಬೇಕು. ಇವತ್ತು ನಾಲ್ಕು ಗಂಟೆಯೊಳಗೆ.

ಅವನೂರಿನಲ್ಲಿ ನೊಂದವರಿಗೆ ಬರವಿರಲಿಲ್ಲ. ಆದರೆ ಹಸಿವಿಗೂ ಕೊಲೆಗೂ ಅರ್ಧ ಊರೇ ಬಲಿಯಾದ ಆ ಹಳೆಯ ನಾಲ್ಕು ವರ್ಷಗಳ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವನ ಅಮ್ಮನೇ ಆಗ ಮೊದಲ ಮಗನನ್ನು ಕಳೆದುಕೊಂಡವಳು. ಆ ಅಣ್ಣನ ಹೆಸರೇನೆಂದು ಕೊಸಲನಿಗೆ ಈಗಲೂ ಗೊತ್ತಿಲ್ಲ.

ಬೆಳಿಗ್ಗೆ ಲೊಂಗ್ ತಾತನ ಮುಖಕ್ಕೆ ನೊರೆ ಹಚ್ಚಿ, ವಿಷಯ ಹೇಳಿದ.

"ಕೇಳಿ ಏನ್ಮಾಡ್ತೀಯ?"

"ಸುಮ್ನೆ ಕೂತಿರ್ತೀನಿ, ತಾತ."

"ನೀನಾ?" ಎಂದು ತಾತ ನೊರೆ ಹಾರುವಂತೆ ನಕ್ಕ.

ಕೊಸಲ್ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಎದುರಿಗೆ ಕುಳಿತ. ತಾತ ಆ ದಿನಗಳಲ್ಲಿ ತನ್ನ ತಮ್ಮನಿಗೆಂದು ಕದ್ದ ಒಂದು ಬೊಗಸೆ ಗಂಜಿಯ ವಿಷಯ ಶುರುಮಾಡಿದ. ಮುಗಿಯುವಷ್ಟರಲ್ಲಿ ನೊರೆ ಒಣಗಿತ್ತು, ಟವೆಲು ಒದ್ದೆಯಾಗಿತ್ತು. ತಾತ ಹೆಬ್ಬೆಟ್ಟು ಒತ್ತಿದ.

ಅಲ್ಲಿಗೆ ಕೊಸಲ್ ಬಸ್ಸು ಹತ್ತಬೇಕಿತ್ತು. ಆದರೆ ಪಕ್ಕದ ಮನೆಯ ಯೊನ್ ಅಜ್ಜಿ, ಲೊಂಗನದು ಕೇಳಿದವನಿಗೆ ನನ್ನದು ಬೇಡವಾಯಿತೇ ಎಂದು ಕುರ್ಚಿ ಹಿಡಿದಳು. ಅವಳ ಹಿಂದೆ ಸಾಲು ಬೆಳೆಯಿತು. ಕೆಲವರದು ಎರಡೇ ಮಾತು, ಕೆಲವರದು ಬರೀ ಅಳು. ಹೆಬ್ಬೆಟ್ಟು ಒತ್ತದೆ ಮಾತ್ರ ಯಾರೂ ಏಳಲಿಲ್ಲ. ಆ ಊರಿನವರು ರಸ್ತೆ ಕೇಳಿದ್ದು, ಬಾವಿ ಕೇಳಿದ್ದು ಎಲ್ಲ ಹೆಬ್ಬೆಟ್ಟಿನ ಅರ್ಜಿಯಲ್ಲೇ. ಹೆಬ್ಬೆಟ್ಟಿಲ್ಲದ ಮಾತು ಅವರಿಗೆ ಗಾಳಿಮಾತು. ಅರ್ಜಿ ಬರೆಯುವ ಹಿರಿಯ ನೆಮ್ ತಾನೇ ಕೆಂಪು ಮಸಿ ತಂದು ಪಕ್ಕದಲ್ಲಿ ಕುಳಿತ.

ಮೂರು ಗಂಟೆಗೆ ಕೊಸಲ್ ಎಣಿಸಿದ: ನಲವತ್ತೊಂದು. ಅಂಗಡಿಯ ಎದುರಿಗೆ ಅಮ್ಮ ಮಾತ್ರ ದಿನವಿಡೀ ತುಟಿ ಬಿಚ್ಚದೆ ಅಕ್ಕಿಶಾವಿಗೆ ಮಾರುತ್ತಿದ್ದಳು. ಅವನು ಅಂಗಿ ಬದಲಿಸಿ ಬಂದಾಗ ಅವಳು, ನೆಮ್ ಇಬ್ಬರೂ ಹಾಳೆ ಹಿಡಿದು ನಿಂತಿದ್ದರು.

"ಮಸಿ ಆರಿಸ್ತಿದ್ದೆ," ಎಂದು ಮಡಿಸಿ ಕೊಟ್ಟಳು.

ಕಚೇರಿಯಲ್ಲಿ ಮೇಡಂ ಹಾಳೆ ಬಿಡಿಸಿ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಲವತ್ತೆರಡು ಜನರ ಅರ್ಜಿನ ಹೇಗೆ ತಳ್ಳಿಹಾಕೋದು? ನೀವು ಊರಲ್ಲೇ ಇರಿ. ಟಿಮೋರಿಗೆ ಬೇರೆಯವರನ್ನ ಕಳಿಸ್ತೀವಿ."

ಇದು ಅರ್ಜಿಯಲ್ಲವೆಂದು ಕೊಸಲ್ ಹಾಳೆ ಕಿತ್ತುಕೊಂಡು ನೋಡಿದ. ಅವನು ಖಾಲಿ ಬಿಟ್ಟಿದ್ದ ತಲೆಭಾಗದಲ್ಲಿ ನೆಮ್‌ನ ದುಂಡಕ್ಷರ: "ಕೊಸಲನನ್ನು ಕಳಿಸಬೇಡಿ. ನಮ್ಮ ಮಾತು ಇನ್ನೂ ಮುಗಿದಿಲ್ಲ." ಅದರ ಕೆಳಗೇ ಒಂದು ಹೊಸ ಹೆಬ್ಬೆಟ್ಟು, ನಡುವೆ ಚಾಕು ತಗುಲಿದ ಅಡ್ಡಗೆರೆ. ಆ ಕೈಯಿಂದ ತುತ್ತು ತಿಂದು ಬೆಳೆದವನಿಗೆ ಅದು ಯಾರದೆಂದು ಕೇಳಬೇಕಾಗಿರಲಿಲ್ಲ.

ಮನೆಗೆ ಬಂದಾಗ ಕೋಪ ನೆತ್ತಿಗೇರಿತ್ತು. ಅಮ್ಮ ಶಾವಿಗೆಯ ಬಟ್ಟಲು ಮುಂದಿಟ್ಟು, ತಾನೂ ಎದುರಿಗೆ ಕುಳಿತಳು.

"ನೀನು ಎಲ್ಲಾರದ್ದೂ ಕೇಳ್ದೆ. ನಂದೊಂದು ಬಾಕಿ ಇದೆ. ಆರು ತಿಂಗಳು ಕಾಯೋ ವಯಸ್ಸಲ್ಲ ಮಗಾ ನಂದು."

ಬೈಯಲೆಂದು ತೆರೆದಿದ್ದ ಬಾಯಿಗೆ ಕೊಸಲ್ ಟವೆಲಿನ ತುದಿ ತುರುಕಿಕೊಂಡು ಕುಳಿತ.