ಮೂಲ ಬಣ್ಣದ ಲಾರಿ

ಮಡಚಿದರೆ ಲಾರಿ, ಬಿಡಿಸಿದರೆ ಎರಡು ಕಾಲಿನ ಮೇಲೆ ನಿಲ್ಲುವ ರೋಬೋ. ಇಂಥ ಆಟಿಕೆಗಳನ್ನು ನಲವತ್ತು ದಾಟಿದವರು ಸಂಗ್ರಹಿಸುತ್ತಾರೆಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಮಸ್ಕತ್ತಿನಲ್ಲಿ ಸಂಗ್ರಹಿಸುತ್ತಾರೆ, ಹಳೆಯದಕ್ಕೆ ಹೊಸ ಬಣ್ಣ ಬಳಿದು ಕಾರ್ಖಾನೆಯದೇ ಎಂದು ಸಾಧಿಸುತ್ತಾರೆ. ಅದು ನಿಜವೋ ಸುಳ್ಳೋ ಎಂದು ಭೂತಗನ್ನಡಿ ಹಿಡಿದು ನೋಡಿ ಹೇಳುವವನು ನಾನು. ವಾರವೆಲ್ಲ ಆಫೀಸು, ಶುಕ್ರವಾರ ಈ ಕೆಲಸ. ಮೂರ್ಖರು ಬಾರದ ಶುಕ್ರವಾರ ಇನ್ನೂ ಬಂದಿಲ್ಲ.

ನನ್ನ ಮಾತು ನಡೆಯುವುದಕ್ಕೆ ಕಾರಣ ನನ್ನದೇ ಒಂದು ಕೆಂಪು ಲಾರಿ. ನಾನು ಚಿಕ್ಕವನಿದ್ದಾಗ ಅಪ್ಪ ಇದೇ ಮಸ್ಕತ್ತಿನಿಂದ ತಂದದ್ದು. ಅಮ್ಮ ಅದನ್ನು ನನ್ನ ಕೈಗೆ ಕೊಡದೆ ಶೋಕೇಸಿನಲ್ಲಿಟ್ಟು ಬೀಗ ಹಾಕಿದಳು. ನಮ್ಮ ಕಡೆ ಗಲ್ಫಿನ ಸಾಮಾನು ಇರುವುದು ಬಂದವರು ನೋಡಲಿಕ್ಕೆ, ಮಕ್ಕಳು ಆಡಲಿಕ್ಕಲ್ಲ. ಹಾಗಾಗಿ ಯಾರೂ ಮುಟ್ಟದ ಮಾಲು. ಇಂಥ ಕೆಂಪು ಈಗಿನ ಕಾರ್ಖಾನೆಗಳಿಗೆ ಬರುವುದಿಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಿದ್ದೆ. ಅದರಲ್ಲಿ ಒಂದು ಚುಕ್ಕೆ ಹೊರಗಿನ ಬಣ್ಣ ತೋರಿಸಿದರೂ ಭೂತಗನ್ನಡಿ ಕೆಳಗಿಡುತ್ತೇನೆ ಎಂದೂ ಹೇಳಿಬಿಟ್ಟಿದ್ದೆ.

1. ಮೂರು ಕೋಟು

ಅಲ್ ಮಬೇಲಾದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನ ಯಜಮಾನರು, ಉಡುಪಿ ಕಡೆಯವರು, ಒಂದು ನೀಲಿ ಲಾರಿ ತಂದರು. ಮುಖ ಕಾಣುವಷ್ಟು ಹೊಳಪು.

"ಮೂರು ಕೋಟು ಹೊಡೆದಿದ್ದೇನೆ ಮಾರಾಯ್ರೆ. ಹೇಗುಂಟು?"

"ಬಿಡಿಸಿ ನೋಡುವ," ಎಂದೆ.

ತೋಳು ಎಳೆದರು, ಬರಲಿಲ್ಲ. ಕಾಲು ಎಳೆದರು, ಬರಲಿಲ್ಲ. ಬಣ್ಣ ಸಂದುಗೊಂದಿಗೆಲ್ಲ ಇಳಿದು ಕೀಲುಗಳು ಅಂಟಿ ಕೂತಿದ್ದವು.

"ಕಾರಿಗೂ ಹೀಗೇ ಹೊಡೆಯುವುದಾ? ಬಾಗಿಲು ತೆರೆಯದ ಹಾಗೆ?"

"ಕಾರಿಗೆ ಟೇಪ್ ಹಚ್ಚುತ್ತೇವೆ. ಇದು ಆಟದ ಸಾಮಾನಲ್ವಾ."

ಇಪ್ಪತ್ತು ವರ್ಷ ಬಣ್ಣದಲ್ಲೇ ಮುಳುಗಿದವನ ಬುದ್ಧಿ ಇಷ್ಟು. "ಹಾಗಾದರೆ ಖಲಾಸ್," ಎಂದೆ. "ಇದು ಇನ್ನು ಜೀವಮಾನದಲ್ಲಿ ಲಾರಿ."

ಅವರು ಮುಖ ಸಣ್ಣ ಮಾಡಿಕೊಂಡು ಹೋದರು. ನಾನು ಆ ಮಾತನ್ನು ಮುಂದಿನ ನಾಲ್ಕು ಶುಕ್ರವಾರ ನಾಲ್ಕು ಮನೆಗಳಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ.

2. ವಯಸ್ಸಿನ ಲಕ್ಷಣ

ಇವರು ಬೆಂಗಳೂರಿನ ಎಂಜಿನಿಯರು. ಖುರುಮಿನಲ್ಲಿ ಆಫೀಸು, ಮಾತಿನಲ್ಲಿ ಭಾರೀ ಆತ್ಮವಿಶ್ವಾಸ.

"ಮೂವತ್ತು ವರ್ಷದ ಹಳೇದು ಸಾರ್. ಬಣ್ಣ ಹೇಗೆ ಮಾಸಿದೆ ನೋಡಿ."

ನೋಡಿದೆ. ಎದೆ ಮಾಸಿತ್ತು, ಬೆನ್ನಿನ ಬಣ್ಣ ಹೊಚ್ಚ ಹೊಸದು. ರೋಬೋದ ಮಂಡಿಗಳೆರಡೂ ಮೆತ್ತಗಾಗಿ ಮಡಚಿ, ತಲೆ ಮುಂದಕ್ಕೆ ಬಿದ್ದು, ಯಾರದೋ ಕಾಲಿಗೆರಗಲು ಹೊರಟ ಹಾಗಿತ್ತು.

"ಎಲ್ಲಿಟ್ಟಿದ್ದಿರಿ?"

"ಟೆರೇಸಲ್ಲಿ. ಜೂನ್‌ನಲ್ಲಿ ಎರಡು ವಾರ ಅಷ್ಟೇ."

ಜೂನ್ ತಿಂಗಳಲ್ಲಿ ಮಸ್ಕತ್ತಿನ ಟೆರೇಸಿನ ಮೇಲೆ ಕಾಗೆ ಕೂಡ ಕೂರುವುದಿಲ್ಲ. ಅಲ್ಲಿ ಇವರು ಪ್ಲಾಸ್ಟಿಕ್ಕನ್ನು ಹಪ್ಪಳದ ಹಾಗೆ ಒಣಗಲು ಇಟ್ಟಿದ್ದಾರೆ.

"ಮಂಡಿ ಬಾಗಿದೆಯಲ್ಲ?"

"ವಯಸ್ಸಾಯ್ತಲ್ವಾ ಸಾರ್," ಎಂದರು, ಕಣ್ಣು ಮಿಟುಕಿಸದೆ.

3. ಇಂಡಿಯಾಕ್ಕೆ ಮಾತ್ರ

ಬರ್ಕಾದಲ್ಲಿ ಅಂಗಡಿ ಇಟ್ಟಿರುವ ಮಂಗಳೂರಿನ ಗಂಡಹೆಂಡತಿ ಬಂದರು. ಅವರ ಲಾರಿಯ ಹಣೆಯ ಮೇಲೆ ಒಂದು ಕೆಂಪು ಚುಕ್ಕೆ.

"ಇದು ಕಂಪನಿಯವರು ಇಂಡಿಯಾಕ್ಕೆ ಮಾತ್ರ ಮಾಡಿದ್ದು," ಎಂದರು ಗಂಡ.

ಭೂತಗನ್ನಡಿ ಹಿಡಿದರೆ ಕುಂಕುಮ, ಅದರ ಮೇಲೆ ವಾರ್ನಿಷ್. "ಆಯುಧಪೂಜೆಗೆ ಇಟ್ಟಿದ್ದಿರಾ?"

"ಲಾರಿಯಲ್ವಾ, ಇಡದಿದ್ದರೆ ಹೇಗೆ?" ಎಂದರು ಹೆಂಡತಿ. "ಕುಂಕುಮ ಉದುರಬಾರದು ಅಂತ ಇವರು ವಾರ್ನಿಷ್ ಕೊಟ್ಟದ್ದು."

ಗಂಡ ಕೆಮ್ಮಿದರು. ಚಕ್ರಗಳ ಬೆಳ್ಳಿ ಬಣ್ಣವೂ ಕಿತ್ತುಹೋಗಿತ್ತು. ಕೇಳಿದರೆ, ಪೂಜೆಯ ನಿಂಬೆಹಣ್ಣಿನ ಹುಳಿ ತಿಂದದ್ದಂತೆ.

"ಅಂಗೈಯಷ್ಟು ಲಾರಿ ನಿಂಬೆಹಣ್ಣು ಒಡೆಯುತ್ತದಾ ಅಮ್ಮಾ?"

"ಎಲ್ಲಿ ಒಡೆಯುತ್ತದೆ? ಅದಕ್ಕೇ ಇವರು ಮೇಲೆ ಹತ್ತಿ ನಿಂತದ್ದು."

4. ಅಮ್ಮನ ಕೈಗುಣ

ಖುರುಮಿನ ಹೋಟೆಲಿನ ಸಭಾಂಗಣದಲ್ಲಿ ಸಂಗ್ರಹಕಾರರ ಕೂಟ. ನಡುವಿನ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ನನ್ನ ಕೆಂಪು ಲಾರಿ, ಎದುರಿಗೆ 'ಮೂಲ ಬಣ್ಣ' ಎಂಬ ಚೀಟಿ. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ, ಮಗನ ಮರ್ಯಾದೆ ಕಣ್ಣಾರೆ ನೋಡಲಿ ಎಂದು.

ಅಮ್ಮ ಪೆಟ್ಟಿಗೆಯ ಹತ್ತಿರ ಬಗ್ಗಿದಳು. "ಬಣ್ಣ ಇನ್ನೂ ಹಾಗೇ ಉಂಟಲ್ಲ. ನಾನು ಕೊಟ್ಟದ್ದು ಒಳ್ಳೆ ಬಣ್ಣವೇ."

"ನೀನು ಎಂತ ಕೊಟ್ಟದ್ದು?"

"ನಿನ್ನ ಅಕ್ಕನ ಮದುವೆಗೆ ಗೇಟಿಗೆ ಹೊಡೆದು ಡಬ್ಬಿಯ ತಳದಲ್ಲಿ ಉಳಿದಿತ್ತು. ಶೋಕೇಸಿಗೆ ಬಿಸಿಲು ಬಿದ್ದು ಇದು ಬಿಳಿಚಿ ಹೋಗಿತ್ತು. ಗಂಡಿನ ಕಡೆಯವರು ಬರುವಾಗ ಹಾಗೆ ಇಡ್ಲಿಕ್ಕೆ ಆಗ್ತದಾ? ನೀನಾಗ ಇನ್ನೂ ಹಾಸ್ಟೆಲಿನಿಂದ ಬಂದಿರಲಿಲ್ಲ."

ಪಕ್ಕದಲ್ಲೇ ಗ್ಯಾರೇಜಿನ ಯಜಮಾನರು ನಿಂತಿದ್ದರು. ಕನ್ನಡ ಬಾರದವರಿಗಾಗಿ ಅಮ್ಮನ ಮಾತನ್ನು ಹಿಂದಿಯಲ್ಲಿ, ಗಟ್ಟಿಯಾಗಿ, ಒಂದಕ್ಷರ ಬಿಡದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಿಡಿಸಿ ನೋಡುವ," ಎಂದರು.

ಮುಟ್ಟದ ಮಾಲೆಂದು ನಾನು ಅದನ್ನು ಒಮ್ಮೆಯೂ ಬಿಡಿಸಿದವನಲ್ಲ. ಪೆಟ್ಟಿಗೆಯಿಂದ ತೆಗೆದು ತೋಳು ಎಳೆದೆ, ಬರಲಿಲ್ಲ. ಕಾಲು ಎಳೆದೆ, ಬರಲಿಲ್ಲ.

"ಖಲಾಸ್," ಎಂದರು ಯಜಮಾನರು. "ಇದು ಇನ್ನು ಜೀವಮಾನದಲ್ಲಿ ಲಾರಿ."

ಬೆಂಗಳೂರಿನವರೂ ನಕ್ಕರು, ಬರ್ಕಾದವರೂ ನಕ್ಕರು. ಆಡಿದ ಮಾತಿನಂತೆ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟೆ.

ನನ್ನ ಮುಖ ನೋಡಿ ಅಮ್ಮನಿಗೆ ಪಾಪ ಅನ್ನಿಸಿತು.

"ಬೇಜಾರು ಮಾಡಬೇಡ ಮಗ," ಎಂದಳು. "ಗೇಟೂ ಹೀಗೇ ಅಂಟಿ ಕೂತದ್ದು. ಅಕ್ಕನ ಮದುವೆ ದಿಬ್ಬಣ ಹಿಂದಿನ ದನದ ಹಟ್ಟಿಯ ಬದಿಯಿಂದ ಸುತ್ತಿ ಬಂದದ್ದು ನೆನಪಿಲ್ವಾ ನಿನಗೆ?"