ಹನ್ನೆರಡೂವರೆ ಎಂಬ ಉತ್ತರ

ಗೋಳಿಗೆಲ್ಲ ಕಾರಣ ಒಂದೇ ಒಂದು ಹನಿ.

ಎಂಜಿನಿಯರಿಂಗ್ ಕಾಲೇಜು ಸೇರಿ ಮೂರೇ ದಿನ, ಅಷ್ಟರಲ್ಲೇ ಮೊದಲ ಕೆಮಿಸ್ಟ್ರಿ ಪ್ರಾಕ್ಟಿಕಲ್! ಶಾಲೆಯುದ್ದಕ್ಕೂ ನೂರಕ್ಕೆ ನೂರು ತೆಗೆದು ‘ಸೆಂಟಮ್’ ಎಂದೇ ಹೆಸರಾದ ಹುಡುಗಿಗೆ ಖುಷಿಯಲ್ಲಿ ಬೆಳಗಿನ ತಿಂಡಿ ಗಂಟಲಲ್ಲಿ ಇಳಿದಿರಲಿಲ್ಲ. ಸೋದರಮಾವ ತಂದುಕೊಟ್ಟ ಬಿಳಿ ಅಪ್ರಾನ್ ತೊಟ್ಟು ಎಲ್ಲರಿಗಿಂತ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಮಾವನಿಗೆ ಅಳತೆಯ ಅಂದಾಜಿರಲಿಲ್ಲ. ದಿಂಬಿನ ಚೀಲದೊಳಗೆ ಪೆನ್ಸಿಲ್ ಇಳಿಬಿಟ್ಟ ಹಾಗೆ ಕಾಣುತ್ತಿದ್ದಳು.

“ಫ್ಲಾಸ್ಕಲ್ಲಿ ಆಮ್ಲ ಎಷ್ಟಿದೆ ಅಂತ ಕಂಡುಹಿಡೀಬೇಕು,” ಎಂದರು ಮೇಡಮ್. “ಮೇಲಿನ ಕೊಳವೆಯಿಂದ ಕ್ಷಾರ ಬಿಡ್ತಾ ಹೋಗಿ. ಆಮ್ಲ ತೀರಿ ಗುಲಾಬಿ ಬಣ್ಣ ಬಂದ ಕೂಡ್ಲೇ ನಿಲ್ಸಿ, ಎಷ್ಟು ಖರ್ಚಾಯ್ತು ಅಂತ ಬರೀರಿ.”

ಸೆಂಟಮ್ ಉಸಿರು ಬಿಗಿಹಿಡಿದು ಒಂದು ಹನಿ ಬಿಟ್ಟಳು. ಫ್ಲಾಸ್ಕೆಲ್ಲ ಗುಲಾಬಿ! ಪೆನ್ಸಿಲ್ಲಿನಲ್ಲಿ ‘ಒಂದು ಹನಿ’ ಎಂದು ಬರೆದಳು.

ಪಕ್ಕದಲ್ಲಿದ್ದ, ಆಗಲೇ ‘ಏಣಿ’ ಎಂಬ ಹೆಸರು ಗಿಟ್ಟಿಸಿದ್ದ ಎತ್ತರದ ಹುಡುಗ ಬಗ್ಗಿ ನೋಡಿದ.

“ಫ್ಲಾಸ್ಕ್ ಸರಿಯಾಗಿ ತೊಳ್ದಿಲ್ಲ ನೀನು.”

ತೊಳೆದು, ಹೊಸದಾಗಿ ದ್ರಾವಣ ತುಂಬಿದಳು. ಮತ್ತೆ ಒಂದೇ ಹನಿ, ಮತ್ತೆ ಗುಲಾಬಿ. ಅವಳ ಕೆನ್ನೆಗೂ ಅದೇ ಬಣ್ಣ ಬಂತು.

“ಸುಮ್ನೆ ಹನ್ನೆರಡೂವರೆ ಎಂ.ಎಲ್. ಅಂತ ಬರಿ,” ಎಂದ ಏಣಿ ಪಿಸುದನಿಯಲ್ಲಿ. “ನಮ್ಮಣ್ಣನ ಹಳೇ ರೆಕಾರ್ಡಲ್ಲಿದೆ. ನಮಗೆಲ್ಲ ಅದೇ ಬಂದಿದೆ.”

“ನಿನ್ನ ಕೊಳವೆ ಇನ್ನೂ ತುಂಬೇ ಇದೆಯಲ್ಲೋ!”

“ಬರೆದ್ಮೇಲೆ ಬಂದ ಹಾಗೇ ತಾನೇ?”

ಸೆಂಟಮ್‌ಗೆ ಅಷ್ಟು ಧೈರ್ಯವಿಲ್ಲ. ಲೆಕ್ಕ ಹೊಂದಲಿ ಎಂದು ಹನ್ನೆರಡೂವರೆಯಷ್ಟು ಕ್ಷಾರವನ್ನು ಬಕೆಟ್ಟಿಗೆ ಸುರಿಯಲು ಹೋದಳು. ಗಾಬರಿಯಲ್ಲಿ ತಿರುಗಿಸಿದ ತಿರುಪು ಕೈಗೇ ಬಂತು. ಕೊಳವೆಯಲ್ಲಿದ್ದದ್ದೆಲ್ಲ ಸುರ್ರನೆ ಇಳಿದು ಮೇಜು, ನೆಲ, ಏಣಿಯ ಬೂಟು ಎಲ್ಲವೂ ಒದ್ದೆ.

ಅಟೆಂಡರ್ ಬಟ್ಟೆ ಹಿಡಿದು ಓಡಿಬಂದ. “ಇಪ್ಪತ್ತು ವರ್ಷದಿಂದ ಇದೀನಮ್ಮ ಇಲ್ಲಿ. ಮೊದಲ್ನೇ ದಿನವೇ ಪ್ರವಾಹ ತಂದೋಳು ನೀನೊಬ್ಳೇ!”

ಇನ್ನು ಯೋಚಿಸಲು ಹೊತ್ತಿರಲಿಲ್ಲ. ಬರೆದದ್ದನ್ನು ಉಜ್ಜಿ ಅಳಿಸಿ, ‘ಹನ್ನೆರಡೂವರೆ’ ಎಂದು ದುಂಡಗೆ ಬರೆದು ಕೊಟ್ಟಳು.

ಮೇಡಮ್ ಹಾಳೆಗಳನ್ನೆಲ್ಲ ತಿರುವಿ ಮುಗುಳ್ನಕ್ಕರು. “ಭೇಷ್! ನಲವತ್ತು ಜನಕ್ಕೂ ಹನ್ನೆರಡೂವರೆ. ಇವತ್ತು ನಾನು ಆಮ್ಲ ಅಂತ ಇಟ್ಟಿದ್ದು ಬರೀ ನೀರು. ಒಂದೇ ಹನಿಗೆ ಬಣ್ಣ ಬರಬೇಕಿತ್ತು.”

ಸೆಂಟಮ್ ಜಿಗಿದು ನಿಂತಳು. “ನಂಗೆ ಬಂದಿತ್ತು ಮೇಡಮ್! ನೋಡಿ, ಅಳಿಸಿದ ಗುರುತಿದೆ!”

ಮೇಡಮ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಹೌದಮ್ಮ, ಇದೆ. ಅವರೆಲ್ಲ ನಿಜ ಗೊತ್ತಿಲ್ದೆ ಸುಳ್ಳು ಬರೆದ್ರು, ನೀನು ಗೊತ್ತಿದ್ದೂ ಬರೆದೆ. ನಾಳೆ ಅವರು ಒಂದ್ಸಲ ಮಾಡ್ಲಿ. ನೀನು ಮೂರ್ಸಲ ಮಾಡು.”