ವಾಕೋಲಾ ಗಲ್ಲಿ ಬಾಯಿ ಬಿಡಲಿಲ್ಲ

ಹುಡುಗಿಯ ಫೋಟೊ ಮತ್ತು ಬಯೋಡೇಟಾ ಜತೆಗೆ ಅವಳ ಕಾಲೇಜಿನ ಸುದ್ದಿಪತ್ರವನ್ನೂ ಕಳಿಸಿದ್ದೇ ಎಲ್ಲ ಅನಾಹುತಕ್ಕೆ ಮೂಲ. ಫೋಟೊ ಒಂದೇ ಬಂದಿದ್ದರೆ ಶ್ರೀಶೈಲ ಅದನ್ನು ನಾಲ್ಕು ಸಲ ನೋಡಿ ಸುಮ್ಮನಾಗುತ್ತಿದ್ದ.

ಹುಡುಗಿ ಸೌಮ್ಯಾ. ಮನೆತನ ಧಾರವಾಡ ಕಡೆಯದು, ಮನೆ ಮುಂಬಯಿಯ ಅಂಧೇರಿಯಲ್ಲಿ. ಕಾನೂನು ಕಾಲೇಜೊಂದರ ‘ತಂತ್ರಜ್ಞಾನ ಮತ್ತು ಖಾಸಗಿತನ ಕಾನೂನು’ ವಿಭಾಗದಲ್ಲಿ ಸಂಶೋಧನಾ ಸಹಾಯಕಿ. ವಿಭಾಗದ ಎಂಟು ಪುಟದ ಮಾಸಿಕ ಸುದ್ದಿಪತ್ರದಲ್ಲಿ ಅವಳ ಹೆಸರು ಬಂದಿದೆ ಎಂಬ ಹೆಮ್ಮೆಗೆ, ಸಂಬಂಧ ಹುಡುಕಿಕೊಡುವ ನಿಂಗಣ್ಣ ಅದನ್ನೂ ಮೊಬೈಲಿಗೆ ಹಾಕಿದ್ದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಶ್ರೀಶೈಲ ಓದಲು ಕೂತ. ಮೊದಲ ಪುಟದಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರ ಉಪನ್ಯಾಸದ ವರದಿ. ಎರಡನೆಯದರಲ್ಲಿ ಹೊಸ ಡೇಟಾ ಕಾನೂನಿನ ಪರಿಚಯ. ಮಾಹಿತಿ ಕಾಪಾಡದವರಿಗೆ ಇನ್ನೂರೈವತ್ತು ಕೋಟಿ ರೂಪಾಯಿಯವರೆಗೆ ದಂಡ. ಮೂರನೆಯದರಲ್ಲಿ ಸೌಮ್ಯಾಳ ತಂಡದ ಅಧ್ಯಯನ. ಅವರು ಹನ್ನೆರಡು ಹೌಸಿಂಗ್ ಸೊಸೈಟಿಗಳ ಗೇಟಿಗೆ ಅಪರಿಚಿತನೊಬ್ಬನನ್ನು ಕಳಿಸಿ, ಅಲ್ಲಿಯ ಯಾವುದಾದರೊಂದು ಮನೆಯ ಬಗ್ಗೆ ವಿಚಾರಿಸಲು ಹೇಳಿದ್ದರು. ಮನೆಯವರ ಸಂಬಳ, ಕಾಯಿಲೆ, ಜಗಳ ಮೂರೂ ಹೊರಬೀಳಲು ಸರಾಸರಿ ಏಳು ನಿಮಿಷ ಸಾಕಾಗಿತ್ತು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಮಾಹಿತಿ ಕೊಡಬೇಡಿ ಎಂದು ಕೊನೆಯಲ್ಲಿ ದಪ್ಪ ಅಕ್ಷರದ ಮನವಿ.

ದಂಡವೇನಿದ್ದರೂ ಡಿಜಿಟಲ್ ಮಾಹಿತಿ ಇಟ್ಟುಕೊಂಡ ಸಂಸ್ಥೆಗಳಿಗೆ, ನೆರೆಹೊರೆಯವರ ಹರಟೆಗೆ ಈ ಕಾನೂನು ಅನ್ವಯಿಸುವುದಿಲ್ಲ ಎಂಬ ಸ್ಪಷ್ಟನೆ ನಾಲ್ಕನೆಯ ಪುಟದಲ್ಲಿತ್ತು. ಶ್ರೀಶೈಲ ಅಲ್ಲಿಗೆ ಹೋಗುವಷ್ಟರಲ್ಲಿ ನಿಂಗಣ್ಣನ ಫೋನು ಬಂತು.

ಹುಡುಗಿಯ ಸೋದರಮಾವ ಬಸವಂತಪ್ಪ ಇವತ್ತೇ ನಿಮ್ಮ ಗಲ್ಲಿಗೆ ವಿಚಾರಣೆಗೆ ಬರುತ್ತಾರೆ ಎಂದ ನಿಂಗಣ್ಣ. ಇದು ಹೊಸದಲ್ಲ. ಹೆಣ್ಣು ಕೊಡುವವರು ಹುಡುಗನ ಮನೆಗೆ ಬರುವ ಮೊದಲು ಅವನ ಓಣಿಗೆ ಬರುವುದು ರೂಢಿ. ಮನೆಯವರು ಹೇಳುವುದು ಬಯೋಡೇಟಾ, ಓಣಿಯವರು ಹೇಳುವುದು ನಿಜ.

ಮೂವತ್ಮೂರು ವರ್ಷದ ಶ್ರೀಶೈಲನಿಗೆ ಇದು ಆರನೆಯ ಸಂಬಂಧ. ಐದು ಮುರಿದಿದ್ದವು. ವಿಕ್ರೋಳಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಖಾಯಂ ಕೆಲಸ, ಸಾಂತಾಕ್ರೂಜಿನ ವಾಕೋಲಾದಲ್ಲಿ ಎರಡನೆಯ ಮಾಳಿಗೆಯಲ್ಲಿ ಸ್ವಂತ ಮನೆ, ಜತೆಗೆ ತಾಯಿ ಚನ್ನವ್ವ. ಲೋಪ ಒಂದೇ. ಕೆಲಸದಿಂದ ಬರುವಾಗ ವಾರಕ್ಕೆ ಮೂರು ಸಂಜೆ ಅವನು ಗಲ್ಲಿಯ ತುದಿಯಲ್ಲಿರುವ ಅನಿಲನ ಮೊಟ್ಟೆ ಗಾಡಿಯ ಹಿಂದೆ ನಿಂತು ಆಮ್ಲೆಟ್-ಪಾವ್ ತಿನ್ನುತ್ತಿದ್ದ. ಸೋಮವಾರ ಶಿವನ ವಾರವೆಂದು ಆ ಕಡೆ ನೋಡುತ್ತಲೂ ಇರಲಿಲ್ಲ. ಅಷ್ಟು ಧರ್ಮ ಅವನಲ್ಲಿತ್ತು. ಆದರೆ ಚನ್ನವ್ವನ ಮನೆಯಲ್ಲಿ ತತ್ತಿ ಎಂಬ ಶಬ್ದಕ್ಕೂ ಪ್ರವೇಶವಿರಲಿಲ್ಲ. ಬೀಗರಾಗುವವರೂ ಅಂಥವರೇ ಇರಬೇಕು ಎಂದುಕೊಂಡ ಅವನು ಮೆಟ್ಟಿಲಿಳಿದ.

ಬೆಳಗಿನ ಎಂಟೂವರೆಗೆ ಈ ಗುಟ್ಟು ಬಲ್ಲವರು ಇಬ್ಬರೇ: ಶ್ರೀಶೈಲ, ಅನಿಲ.

ಗೇಟಿನಲ್ಲಿ ವಾಚ್‌ಮನ್ ಮರೆಪ್ಪ ಬೀಡಿ ಹಚ್ಚುತ್ತಿದ್ದ. ಯಾರಾದರೂ ಬಂದು ಕೇಳಿದರೆ ತನ್ನ ಬಗ್ಗೆ ಏನೂ ಹೇಳಬಾರದೆಂದು ಶ್ರೀಶೈಲ ಕಾನೂನಿನ ಮಾತು ತೆಗೆದ.

“ಏನೂ ಅಂದ್ರ ಯಾವುದ್ರೀ ಸಾಹೇಬ್ರ?” ಎಂದ ಮರೆಪ್ಪ. “ಇಂಥಾದ್ದು ಹೇಳಬ್ಯಾಡ ಅಂದ್ರ ಅದನ್ನ ಬಿಡ್ತೀನಿ. ಯಾವುದಂತ ಗೊತ್ತಿಲ್ಲದ ನಾ ಏನ್ ಮುಚ್ಚಿಡ್ಲಿ?”

ಮಾತಿನಲ್ಲಿ ತರ್ಕವಿತ್ತು. ಶ್ರೀಶೈಲ ಅವನ ಕಿವಿಯಲ್ಲಿ ಹೇಳಿದ. ಬಲ್ಲವರು ಮೂವರಾದರು.

ಎದುರುಮನೆಯ ಗುರುಬಾಯಿಯದು ಇನ್ನೂ ಕಠಿಣ. ಜರಡಿಯಲ್ಲಿ ನೀರು ನಿಂತರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸುದ್ದಿಯನ್ನೂ ಮರುದಿನಕ್ಕೆ ಇಟ್ಟುಕೊಂಡವಳಲ್ಲ. ವಿಷಯ ಹೇಳಲು ಶ್ರೀಶೈಲ ಹಿಂದೆಮುಂದೆ ನೋಡುತ್ತಿದ್ದಂತೆ ಅವಳ ಕುತೂಹಲ ಒಲೆಯ ಮೇಲಿನ ಹಾಲಿನಂತೆ ಏರಿತು. ಕುಡಿತವೋ, ಇಸ್ಪೀಟೋ, ಕೊನೆಗೆ ವಿಕ್ರೋಳಿಯಲ್ಲಿ ಇನ್ನೊಂದು ಸಂಸಾರವೋ ಎಂದು ಕೇಳಿದಳು. ಹೆದರಿದ ಶ್ರೀಶೈಲ ತತ್ತಿಯೆಂದು ಒಪ್ಪಿಕೊಂಡ.

“ಇಷ್ಟ ಏನು?” ಎಂದಳು ಗುರುಬಾಯಿ, ನಿರಾಸೆಯಿಂದ.

“ಇಷ್ಟ ಮಾವಶಿ. ಆದ್ರ ಹೊರಗ ಬಿದ್ರ ಇನ್ನೂರೈವತ್ತು ಕೋಟಿ ದಂಡ.”

ಗುರುಬಾಯಿ ಸೆರಗು ಸರಿಮಾಡಿಕೊಂಡಳು. ಅಷ್ಟು ಬೆಲೆಯ ಗುಟ್ಟನ್ನು ಅವಳ ಬಳಿ ಇದುವರೆಗೆ ಯಾರೂ ಇಟ್ಟಿರಲಿಲ್ಲ. “ಜೀವಾ ಹೋದ್ರೂ ಬಾಯಿ ಬಿಡೂದಿಲ್ಲ ತಮ್ಮಾ. ಬಂದವರ ಮುಂದೂ ಇಲ್ಲ, ನಿಮ್ಮವ್ವನ ಮುಂದೂ ಇಲ್ಲ,” ಎಂದಳು.

ಸೊಸೈಟಿಯ ಸೆಕ್ರೆಟರಿ ಅಮೋಲ್ ಶಿಸ್ತಿನ ಮನುಷ್ಯ. ಶ್ರೀಶೈಲ ಬಂದು ವಿಷಯ ಹೇಳಿಹೋದ ಮೇಲೆ, ಬಾಯಿಮಾತು ನಂಬದೆ ಹತ್ತೂಕಾಲಿಗೆ ನೋಟಿಸ್ ಬೋರ್ಡಿನಲ್ಲಿ ಮರಾಠಿಯಲ್ಲಿ ಒಂದು ಸೂಚನೆ ಅಂಟಿಸಿದ: ರೂಮ್ ನಂಬರ್ 204ರ ಶ್ರೀಶೈಲ ಅವರು ಅಂಡಾ ಗಾಡಿಗೆ ಹೋಗುವ ವಿಷಯವನ್ನು ಯಾವ ಸದಸ್ಯರೂ ಹೊರಗಿನವರಿಗೆ ತಿಳಿಸಬಾರದು. ಶ್ರೀಶೈಲ ಅದನ್ನು ಹರಿಯುವಷ್ಟರಲ್ಲಿ ಹತ್ತೊಂಬತ್ತು ಮಂದಿ ಓದಿ ಮುಗಿಸಿದ್ದರು. ಅದನ್ನು ನೋಡದೆ ಉಳಿದವಳು ಹೋಳಿಗೆಯ ಹೂರಣ ರುಬ್ಬುತ್ತ ಕೂತಿದ್ದ ಚನ್ನವ್ವ. ನೋಡಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಹನ್ನೆರಡಕ್ಕೆ ಬಸವಂತಪ್ಪ ಬಂದರು. ಬಿಳಿ ಅಂಗಿ, ಬಿಳಿ ಟೊಪ್ಪಿಗೆ, ಕೈಯಲ್ಲಿ ಮಡಚಿದ ಕೊಡೆ. ಶ್ರೀಶೈಲ ಮೆಟ್ಟಿಲ ಕಿಟಕಿಯ ಸಂದಿನಿಂದ ನೋಡುತ್ತ ನಿಂತ.

ಹುಡುಗನ ಸ್ವಭಾವ ಹೇಗೆ, ಊಟ-ತಿಂಡಿ ಹೇಗೆ ಎಂದು ಅವರು ಮರೆಪ್ಪನನ್ನು ಕೇಳಿದರು.

“ಹೆಸರು ಕೇಳೀನ್ರೀ ಯಜಮಾನ್ರ. ಮುಂದ ಹೇಳಾಕ ಅವರ ಒಪ್ಪಿಗಿ ಬೇಕು.”

“ಎಷ್ಟನೇ ಮಾಳಗಿ ಅನ್ನೂದರೆ ಹೇಳೋ ಮಾರಾಯಾ.”

“ಅದೂ ಖಾಸಗಿನ ಆತಲ್ರೀ.”

ಅಮೋಲ್ ಅರ್ಜಿ ಬರೆದುಕೊಡಲು ಹೇಳಿದ; ಮುಂದಿನ ಕಮಿಟಿ ಮೀಟಿಂಗಿನಲ್ಲಿ ಇಡುತ್ತಾನಂತೆ. ಗುರುಬಾಯಿಗೆ ನಿಜವಾದ ಪರೀಕ್ಷೆ. ಹುಡುಗ ಹೊರಗೆ ಏನಾದರೂ ತಿನ್ನುತ್ತಾನೋ ಎಂದು ಬಸವಂತಪ್ಪ ಕೇಳಿದಾಗ ಅವಳ ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ತಲೆಯಾಡಿಸುತ್ತ ಒಳಗೆ ಓಡಿ ಬಾಗಿಲು ಹಾಕಿಕೊಂಡಳು.

ಬಸವಂತಪ್ಪ ಗಲ್ಲಿಯ ತುದಿಗೆ ನಡೆದು ಅನಿಲನ ಗಾಡಿಯ ಮುಂದೆ ನಿಂತಾಗ ಶ್ರೀಶೈಲ ಕಿಟಕಿಯ ಸಂದಿಗೆ ಕಿವಿ ಹಚ್ಚಿದ. ಪೂರ್ತಿ ಆರು ನಿಮಿಷ ಅಲ್ಲಿದ್ದರು. ಗಿರಾಕಿಗಳ ವಿಷಯ ತಾನು ಪೊಲೀಸರಿಗೂ ಹೇಳುವುದಿಲ್ಲವೆಂದು ಅನಿಲ ಗಟ್ಟಿಯಾಗಿ ಹೇಳಿದ್ದು ಕಿಟಕಿಯವರೆಗೂ ಕೇಳಿತು. ಮುದುಕರು ತಲೆ ಕೆರೆದುಕೊಂಡು ತಿರುಗಿ ಬಂದು, ಬೇರೆ ದಾರಿ ಕಾಣದೆ ಗೇಟಿನ ಬಳಿಯ ಸದಸ್ಯರ ಹೆಸರಿನ ಬೋರ್ಡಿನಲ್ಲಿ ಹುಡುಕಿ ನೇರವಾಗಿ ಮನೆಗೇ ಬಂದರು.

ಚನ್ನವ್ವ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಅವರು ಮೆಲ್ಲಗೆ ಕೇಳಿದ್ದು ಅದೇ ಪ್ರಶ್ನೆ. ಈಗಿನ ಹುಡುಗರು ಹೊರಗೆ ಅದು ಇದು ತಿನ್ನುತ್ತಾರೆ, ನಿಮ್ಮವನು ಹೇಗೆ?

“ತತ್ತಿ ಗಾಡಿ ನೆಳ್ಳು ಬಿದ್ರೂ ಜಳಕಾ ಮಾಡಿ ಒಳಗ ಬರಾಂವ ನನ್ನ ಮಗ,” ಎಂದಳು ಚನ್ನವ್ವ. “ವಿಭೂತಿ ಮುಟ್ಟಿ ಹೇಳ್ತೀನ್ರೀ ಅಣ್ಣಾರ.”

ಬಸವಂತಪ್ಪ ನಿಟ್ಟುಸಿರು ಬಿಟ್ಟು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅದು ಸಮಾಧಾನದ ನಿಟ್ಟುಸಿರೆಂದು ಶ್ರೀಶೈಲ ತಿಳಿದ.

ಸಂಜೆ ಆರಕ್ಕೆ ಫೋನು ಬಂತು. ಚನ್ನವ್ವನಿಗೆ ಕಿವಿ ಮಂದ, ಸ್ಪೀಕರ್ ಹಾಕಿಸಿದಳು. ಫಲಿತಾಂಶ ಕೇಳಲು ಗುರುಬಾಯಿ, ಮರೆಪ್ಪ, ಅಮೋಲ್ ಆಗಲೇ ಬಾಗಿಲಲ್ಲಿ ನಿಂತಿದ್ದರು. ಬಸವಂತಪ್ಪನವರ ದನಿಯಲ್ಲಿ ಸಂಕೋಚವಿತ್ತು. ಮನೆತನ ಒಪ್ಪಿಗೆಯಾಗಿದೆ, ಓಣಿಯವರ ಸಭ್ಯತೆ ಕೇಳಿ ಸೌಮ್ಯಾಳಿಗೆ ತುಂಬ ಸಂತೋಷವಾಗಿದೆ, ಅವಳ ಹನ್ನೆರಡು ಸೊಸೈಟಿಗಳಲ್ಲಿ ಒಂದೂ ಹೀಗಿರಲಿಲ್ಲವಂತೆ ಎಂದರು.

“ಆದ್ರ ನಮ್ಮ ಹುಡುಗಿ ಹಾಸ್ಟೆಲಿನ್ಯಾಗ ಇದ್ದಾಗಿಂದ ದಿನಾ ಎರಡು ತತ್ತಿ ತಿಂತಾಳ್ರಿ. ಮುಚ್ಚಿಡೂದಿಲ್ಲ, ಬಿಡೂದೂ ಇಲ್ಲ ಅಂತಾಳ. ಹುಡುಗ ತತ್ತಿ ತಿಂತಾನೋ ಇಲ್ಲೋ ಅದೊಂದ ನೋಡಿ ಬಾ ಅಂತ ನನ್ನ ಕಳಿಸಿದ್ಲು.”

ಶ್ರೀಶೈಲ ಫೋನಿಗೆ ಇನ್ನೂ ಹತ್ತಿರ ಸರಿದ.

ಮಗನ ಮದುವೆಗಾಗಿ ಆರು ವರ್ಷದಿಂದ ಕಾದಿದ್ದ ಚನ್ನವ್ವ ಕ್ಷಣಕಾಲ ಕಣ್ಣು ಮುಚ್ಚಿದಳು. “ತಿನ್ನಲಿ ಬಿಡ್ರಿ. ಓದಿದಾಕಿ, ಬ್ಯಾರೆ ಬುಟ್ಟ್ಯಾಗ ಇಟಗೊಳ್ಳಲಿ. ನನ್ನ ಮಗಾ ಮಾತ್ರ ಅಂಥಾಂವಲ್ಲ.”

“ಅದಕ್ಕ ಬ್ಯಾಡ ಅಂತಾಳ್ರೀ ಯವ್ವಾ. ಮೂಗು ಮುಚ್ಚಿಕೊಳ್ಳೋ ಗಂಡ ಬ್ಯಾಡಂತ. ವಿಲೇಪಾರ್ಲೆದಾಗ ಇನ್ನೊಂದು ಹುಡುಗ ಅದಾನ, ಅಂವ ತಿಂತಾನಂತ ಅವರ ಓಣ್ಯಾಗ ಎರಡು ನಿಮಿಷದಾಗ ಹೇಳಿದ್ರು. ಏಳಕ್ಕ ಅಲ್ಲಿ ಮಾತು ಮುಗಸ್ತೀವಿ. ನಿಮ್ಮ ಕಡೆ ಏನರ ಹೇಳೂದಿದ್ರ ಈಗ ಹೇಳ್ರಿ.”

ಶ್ರೀಶೈಲ ಬಾಯಿ ತೆರೆದ. ಚನ್ನವ್ವ ಹೆಮ್ಮೆಯಿಂದ ಅವನ ಬೆನ್ನು ಸವರುತ್ತಿದ್ದಳು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವನು ಬಾಗಿಲಿಗೆ ತಿರುಗಿ ಮೂವರಲ್ಲಿ ಒಬ್ಬರಾದರೂ ಒಂದು ಮಾತು ಆಡಲೆಂದು ಕಣ್ಣು, ಹುಬ್ಬು, ಎರಡೂ ಕೈಗಳಿಂದ ಬೇಡಿಕೊಂಡ. ಮರೆಪ್ಪ ಅಟೆನ್ಶನ್‌ನಲ್ಲಿ ನಿಂತ. ಅಮೋಲ್ ತುಟಿಯ ಮೇಲೆ ಬೆರಳಿಟ್ಟು ಧೈರ್ಯ ತುಂಬಿದ. ಗುರುಬಾಯಿ ಸೆರಗನ್ನು ಇನ್ನೊಂದು ಗೇಣು ಒಳಗೆ ತುರುಕಿಕೊಂಡಳು.

ಬಸವಂತಪ್ಪ ಅರ್ಧ ನಿಮಿಷ ಕಾದು ಫೋನಿಟ್ಟರು.

ಚನ್ನವ್ವ ಒಳಗೆ ಹೋದ ಮೇಲೆ ಗುರುಬಾಯಿ ಸೆರಗು ಹೊರತೆಗೆದು ಉಸಿರೆಳೆದುಕೊಂಡಳು. ಶ್ರೀಶೈಲನ ಹತ್ತಿರ ಬಂದು, ಜೀವಮಾನದಲ್ಲಿ ಮೊದಲ ಸಲ ಪಿಸುದನಿಯಲ್ಲಿ ಹೇಳಿದಳು:

“ನೋಡಿದಿ ತಮ್ಮಾ? ಆ ಯಜಮಾನ್ರು ಅಷ್ಟು ಕೇಳಿದ್ರೂ ಒಬ್ರರೆ ಬಾಯಿ ಬಿಟ್ವೇನು?”